ಕೋಣ, ಮರಿ ಮತ್ತು ಕೊರಳಪಟ್ಟಿಯ ಬಾತು

ಬೇವೂರು

ಯಾವ ಕಂಪನಿಯ ಕ್ಯಾಮೆರಾ ಛಲೋ ಎಂದು ನನ್ನ ಸ್ಟುಡಿಯೋಕ್ಕೆ ಬಂದವರೆಲ್ಲ ಕೇಳುತ್ತಾರೆ. ಯಲಬುರ್ಗಾದಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳ ಫೋಟೋ ತೆಗೆಯುತ್ತ ಬಂದ ನಾನು ಮೊದಲೆಲ್ಲ ಒಂದೇ ಉಸಿರಿಗೆ ಉತ್ತರ ಹೇಳಿಬಿಡುತ್ತಿದ್ದೆ. ಈಗ ಹಾಗಲ್ಲ. ಕುರ್ಚಿ ಎಳೆದು ಕೂಡ್ರಿಸಿ ಮಂಗೋಲಿಯಾದ ಕಥೆ ಹೇಳುತ್ತೇನೆ. ಅರ್ಧಕ್ಕೇ ಎದ್ದು ಹೋದ ಗಿರಾಕಿಗಳೂ ಇದ್ದಾರೆ. ನೀವು ಕೂತಿರಿ.

ಕಂಪನಿಗಳ ಹೆಸರನ್ನು ಮಾತ್ರ ಕೇಳಬೇಡಿ. ನಮ್ಮ ಕಡೆಯ ಫೋಟೋಗ್ರಾಫರುಗಳಲ್ಲಿ ಎರಡು ಪಕ್ಷಗಳಿವೆ. ಹೆಸರು ಬಾಯಿಬಿಟ್ಟರೆ ಒಂದು ಪಕ್ಷದವರು ನನ್ನ ಅಂಗಡಿಯ ಚಹಾ ಕುಡಿಯುವುದನ್ನೇ ಬಿಡುತ್ತಾರೆ. ನನ್ನ ಅಣ್ಣ ಗವಿಸಿದ್ದಪ್ಪ ಕುಕನೂರಿನಲ್ಲಿ ಅಪ್ಪ ಬಿಟ್ಟುಹೋದ ಸ್ಟುಡಿಯೋ ನಡೆಸುತ್ತಾನೆ. ಅಪ್ಪ ನಂಬಿದ ಕಂಪನಿಯನ್ನೇ ನಂಬಿಕೊಂಡಿದ್ದಾನೆ. ಅವನ ಕ್ಯಾಮೆರಾ ಕಪ್ಪಗೆ, ದಪ್ಪಗೆ, ಕೊರಳಿಗೆ ಹಾಕಿಕೊಂಡರೆ ಬೆನ್ನು ಬಾಗುವಷ್ಟು ಭಾರ. ಅದಕ್ಕೆ ನಾನಿಟ್ಟ ಹೆಸರು ಕೋಣ. ಮೂರು ವರ್ಷದ ಹಿಂದೆ ನಾನು ಬೇರೆ ಕಂಪನಿಯ ಹೊಸ ನಮೂನೆಯ ಸಣ್ಣ ಕ್ಯಾಮೆರಾ ತೆಗೆದುಕೊಂಡೆ. ಮನುಷ್ಯರದಿರಲಿ, ಪ್ರಾಣಿಗಳದಿರಲಿ, ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುವಂಥದ್ದು. ಅಣ್ಣ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದೇನ ಶಾಂತಾ, ಆಡಿನ ಮರಿ ಇದ್ದಂಗ ಐತಿ," ಎಂದ. ಅಂದಿನಿಂದ ನನ್ನದು ಮರಿ ಆಯಿತು, ನಾನು ಮಾಡಿದ್ದು ಪಕ್ಷಾಂತರವಾಯಿತು.

ಹೋದ ಚಳಿಗಾಲದಲ್ಲಿ ಬೇವೂರಿನ ಈರಕ್ಕ ಫೋನ್ ಮಾಡಿದಳು. ಕೆರೆಯ ಪಕ್ಕ ಆಕೆಯ ಕಡಲೆ ಹೊಲ. ಪ್ರತಿ ವರ್ಷ ಚಳಿ ಶುರುವಾಗುತ್ತಿದ್ದಂತೆ ಆ ಕೆರೆಗೆ ಬಾತುಗಳು ಇಳಿಯುತ್ತವೆ. ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ಹಗಲೆಲ್ಲ ಕೆರೆಯಲ್ಲಿ ತೇಲಿ, ನಸುಕಿನಲ್ಲಿ ಕಡಲೆ ಹೊಲಕ್ಕೆ ಇಳಿದು ಎಳೆ ಚಿಗುರನ್ನು ನೀಟಾಗಿ ಕತ್ತರಿಸಿ ತಿನ್ನುತ್ತವೆ. ನಾನು ಅವುಗಳ ಫೋಟೋ ತೆಗೆಯಲು ಹೋಗುತ್ತೇನಾದ್ದರಿಂದ ಈರಕ್ಕನ ಲೆಕ್ಕದಲ್ಲಿ ಅವು ನನ್ನ ಬಾತುಗಳು.

"ಫೋಟೋದ ತಂಗಿ, ಲಗೂ ಬಾ," ಎಂದಳು ಈರಕ್ಕ. "ಒಂದು ಬಾತಿನ ಕೊರಳಾಗ ಹಸರ ಪಟ್ಟಿ ಐತಿ. ಪಟ್ಟಿ ಐತಿ ಅಂದ್ರ ಯಾರೋ ಸಾಕಿದ್ದು. ಸಾಕಿದವರು ಕಟ್ಟಿ ಹಾಕಬೇಕೋ ಬ್ಯಾಡೋ? ಪಟ್ಟಿ ಮ್ಯಾಲ ಏನೋ ಬರದೈತಿ, ಮಾಲಕ ಯಾರಂತ ಓದಿ ಹೇಳು. ಮುಂದಿಂದು ನಾ ಮಾತಾಡತೀನಿ."

ದನ ಹೊಲ ಹೊಕ್ಕರೆ ದನದ ಮಾಲಕನ ಮನೆ ಬಾಗಿಲಿಗೆ ಹೋಗಿ ಕೇಳುವುದು ನಮ್ಮಲ್ಲಿ ರೂಢಿ. ಬಾತಿಗೆ ಯಾಕೆ ಬೇರೆ ಕಾನೂನು ಎನ್ನುವುದು ಆಕೆಯ ವಾದ. ನಾನು ಹೋದೆ, ಬದುವಿನ ಹಿಂದೆ ಹೊಟ್ಟೆ ಮೇಲೆ ಮಲಗಿದೆ. ಪಟ್ಟಿಯ ಬಾತು ತಲೆ ಎತ್ತಿ ನಿಂತ ಹೊತ್ತಿಗೆ ಮರಿಯ ಗುಂಡಿ ಒತ್ತಿದೆ. ಬಾತು ಹಾರಿತು. ಸ್ಕ್ರೀನ್ ನೋಡಿದರೆ ನನ್ನ ಮುಂದಿದ್ದ ಜೋಳದ ದಂಟು ನೂಲಿನಷ್ಟು ಸಣ್ಣ ಗೆರೆಯೂ ಕಾಣುವಂತೆ ಬಂದಿತ್ತು. ಅದರ ಹಿಂದೆ ಬಾತು ಕಲಸಿದ ಮಜ್ಜಿಗೆಯಂತೆ ಕಂಡಿತು. ಪಟ್ಟಿಯ ಮೇಲೆ ಕಣ್ಣು ಕಿರಿದು ಮಾಡಿ ನೋಡಿದರೆ 'ಸಿ' ಅಂತ ಒಂದು ಅಕ್ಷರ, ಆಮೇಲೆ ನಾಲ್ಕರ ಅಂಕಿ. ಮೂರನೆಯದು ಬರೀ ಬಿಳಿ ಮಸುಕು. ಪಟ್ಟಿಯ ಮೇಲಂಚು ಒಂದು ಕಡೆ ಮುರಿದದ್ದು ಮಾತ್ರ ಹೇಗೋ ಕಾಣುತ್ತಿತ್ತು.

ಅಣ್ಣನಿಗೆ ತೋರಿಸಿದ್ದು ನನ್ನ ತಪ್ಪು. "ಆಡಿನ ಮರಿ ಅಲ್ಲೇನು? ದಂಟು ಕಂಡ್ರ ಬಿಡ್ತೈತೇನು, ಮೇಯಾಕ ಹೋಗೈತಿ," ಎಂದು ಇಡೀ ಕುಕನೂರಿಗೆ ಕೇಳುವಂತೆ ನಕ್ಕ.

ವಿಚಾರಿಸಿದಾಗ, ಇಂಥ ಪಟ್ಟಿಗಳನ್ನು ಮಂಗೋಲಿಯಾದಲ್ಲಿ ಹಕ್ಕಿಗಳ ಅಭ್ಯಾಸ ಮಾಡುವವರು ತೊಡಿಸುತ್ತಾರೆಂದು ತಿಳಿಯಿತು. ವಿಳಾಸ ಹುಡುಕಿ ಆ ಮಜ್ಜಿಗೆ ಫೋಟೋವನ್ನೇ ಕಳಿಸಿದೆ. ಓಯುನಾ ಎನ್ನುವ ಹೆಣ್ಣುಮಗಳು ಉತ್ತರ ಬರೆದಳು. ಸಿ 40ರಿಂದ ಸಿ 49ರವರೆಗಿನ ಹತ್ತು ಪಟ್ಟಿಗಳು ಅವಳೇ ಆರು ವರ್ಷದ ಹಿಂದೆ, ಮೊಟ್ಟಮೊದಲು, ತನ್ನ ಕೈಯಾರೆ ತೊಡಿಸಿದವು. ಎರಡು ವರ್ಷದಿಂದ ಅವುಗಳಲ್ಲಿ ಒಂದೂ ಯಾರ ಕಣ್ಣಿಗೂ ಬಿದ್ದಿಲ್ಲ, ಎಲ್ಲವೂ ಸತ್ತವೆಂದು ಅವಳು ಬರೆದಿಟ್ಟುಬಿಟ್ಟಿದ್ದಳು. 'ಇದಕ್ಕಿಂತ ಸ್ಪಷ್ಟವಾದ ಫೋಟೋ ಇದೆಯೇ?' ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದಳು.

ಇರಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಎರಡು ದಿನ ಉತ್ತರ ಬರೆಯಲಿಲ್ಲ. ಫೋಟೋ ತೆಗೆಯುವುದೇ ಕಸುಬು ಮಾಡಿಕೊಂಡವಳು, ಒಂದು ಅಂಕಿ ಹಿಡಿಯಲಿಕ್ಕೆ ಆಗಲಿಲ್ಲ. ಆ ಕಡೆ ಈರಕ್ಕನೂ ಮಾತು ಮುಗಿಸಿದ್ದಳು. "ಬರೂ ಹಿಂಗಾರಿತನಕ ನೋಡತೀನಿ. ಮಾಲಕ ಸಿಗಲಿಲ್ಲಂದ್ರ ಪಟಾಕಿ ಹಚ್ಚಿ ಎಲ್ಲಾ ಓಡಸತೀನಿ, ಆಮ್ಯಾಲ ನನ್ನ ಅನ್ನಬ್ಯಾಡ."

ಪಟಾಕಿಗೆ ಹೆದರಿದ ಬಾತು ಆ ಕೆರೆಗೆ ತಿರುಗಿ ಬರುವುದಿಲ್ಲ. ಬೇಸಿಗೆಯಲ್ಲಿ ಅವು ತಮ್ಮ ಸರೋವರಕ್ಕೆ ಮರಳಿರುತ್ತವೆ, ಬಂದು ನೋಡಿ ಎಂದು ಓಯುನಾ ಮತ್ತೆ ಬರೆದಾಗ ನಾನು ಹೂಂ ಎಂದೆ.

ಕುಕನೂರು

ಅವರ ಬೇಸಿಗೆ ಬೀಳುವುದು ನಮ್ಮ ಆಷಾಢಕ್ಕೆ, ಆಷಾಢದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ. ಫೋಟೋಗ್ರಾಫರಿಗೆ ವರ್ಷದಲ್ಲಿ ಕೈ ಬಿಡುವಾಗುವುದು ಆಗ ಮಾತ್ರ. ನಾನು ಒಬ್ಬಳೇ ಹೋಗುವವಳಿದ್ದೆ. ಅಣ್ಣ ತಾನೂ ಬರುತ್ತೇನೆಂದ. "ನಿನ್ನ ಮರಿ ಅಲ್ಲೂ ಮೇಯಾಕ ಹೋದ್ರ ಫೋಟೋ ಯಾರು ತಗೀಬೇಕು?" ಎಂದು ಕಾರಣ ಕೊಟ್ಟ. ಒಬ್ಬಳನ್ನೇ ಅಷ್ಟು ದೂರ ಕಳಿಸಲು ಅವನಿಗೆ ಮನಸ್ಸಿರಲಿಲ್ಲ, ಅದನ್ನು ನೆಟ್ಟಗೆ ಹೇಳುವವನಲ್ಲ.

ಹೊರಡುವ ಮುಂಜಾನೆ ಅವ್ವ ಇಬ್ಬರ ಕ್ಯಾಮೆರಾ ಚೀಲಗಳನ್ನೂ ದೇವರ ಕೋಣೆಗೆ ಒಯ್ದು ಬಾಗಿಲು ಮುಂದೆ ಮಾಡಿಕೊಂಡಳು. ನಾವು ಉಪ್ಪಿಟ್ಟು ತಿನ್ನುತ್ತಿದ್ದೆವು. ದೊಡ್ಡ ಕೆಲಸಕ್ಕೆ ಹೊರಟ ಕ್ಯಾಮೆರಾಕ್ಕೆ ವಿಭೂತಿ ಹಚ್ಚದೆ ಅಪ್ಪ ಎಂದೂ ಹೊಸ್ತಿಲು ದಾಟಿದವನಲ್ಲ. ಹೊರಗೆ ಹಚ್ಚಿದರೆ ಬೆವರಿಗೆ ಅಳಿಸುತ್ತದೆ ಎಂದು ಲೆನ್ಸ್ ಬಿಚ್ಚಿ, ಲೆನ್ಸ್ ಕೂಡುವ ಬಾಯಿಯ ಒಳಗೆ ಹಚ್ಚುತ್ತಿದ್ದ. ಅಪ್ಪನ ಕಾಲದ ಕ್ಯಾಮೆರಾ ಬರೀ ಗಾಲಿ, ಸ್ಪ್ರಿಂಗು. ಅದಕ್ಕೇನೂ ಆಗುತ್ತಿರಲಿಲ್ಲ. ಅಪ್ಪ ಹೋದ ಮೇಲೆ ನಾವು ಚೀಲಕ್ಕೆ ಒಂದು ಗೆರೆ ಎಳೆದು ಕೈ ಮುಗಿಯುತ್ತಿದ್ದೆವು. ಅವ್ವನಿಗೆ ಅದು ಸಮಾಧಾನವಿರಲಿಲ್ಲ ಎಂದು ನಮಗೆ ಗೊತ್ತಿದ್ದಿಲ್ಲ. ಹೊರಗೆ ಬಂದವಳ ಮುಖದಲ್ಲಿ ಭಾಳ ನಿರಾಳವಿತ್ತು.

"ಏನ ಮಾಡ್ದಿ ಬೇ ಅಷ್ಟೊತ್ತು?" ಎಂದೆ.

"ಮಾಡೂದ ಮಾಡೀನಿ. ನೀವು ಉಣ್ರಿ," ಎಂದಳು.

ಮುಂಜಾನೆಯ ಬಸ್ಸು ಹಿಡಿಯುವ ಗಡಿಬಿಡಿ. ಚೀಲ ಹೆಗಲಿಗೇರಿಸಿ ಹೊರಟೆವು.

ರಸ್ತೆ ಎನ್ನಬಹುದಾದ ಜಾಗ

ಉಲಾನ್‌ಬಾತರ್ ಎನ್ನುವ ರಾಜಧಾನಿಯಲ್ಲಿ ಇಳಿದಾಗ ಓಯುನಾ ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಂತಿದ್ದಳು. ಮೂವತ್ತರ ಆಸುಪಾಸು, ಗಿಡ್ಡ ಆಳು, ಬಿಸಿಲಿಗೆ ಕೆಂಪಾದ ಕೆನ್ನೆ. ಮಾತಿಗೆ ನಮ್ಮಿಬ್ಬರ ನಡುವೆ ಇದ್ದದ್ದು ಇಂಗ್ಲಿಷು. ಅವಳದು ಸರಾಗ, ನನ್ನದು ಕೈ ಬಾಯಿ ಎರಡೂ ಕೂಡಿಸಿದ್ದು. ಅಣ್ಣ ಕನ್ನಡದಲ್ಲೇ ಮಾತಾಡುತ್ತಿದ್ದ. ಸೋಜಿಗವೆಂದರೆ ಅವಳಿಗೆ ಅರ್ಥವಾಗುತ್ತಿತ್ತು.

ಹಳೆಯ ರಷ್ಯನ್ ವ್ಯಾನಿನಲ್ಲಿ ಎರಡು ದಿನದ ಹಾದಿ. ಮೊದಲರ್ಧ ಡಾಂಬರು. ಆಮೇಲೆ ಹುಲ್ಲಿನ ಬಯಲಿನಲ್ಲಿ ಗಾಲಿಯ ಗುರುತುಗಳು, ಎಂಟು ಹತ್ತು ಸಾಲು, ಯಾವುದು ಬೇಕೋ ಅದನ್ನು ಹಿಡಿಯಿರಿ. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಬರುವಾಗ ಬಯಲು ದೊಡ್ಡದು ಎಂದುಕೊಳ್ಳುತ್ತಿದ್ದೆ. ಇಲ್ಲಿ ಮುಂಜಾನೆ ಕಂಡ ಗುಡ್ಡ ಮಧ್ಯಾಹ್ನವೂ ಅಲ್ಲೇ ಇತ್ತು. ಒಂದು ಗಿಡ ಇಲ್ಲ, ಒಂದು ಬದು ಇಲ್ಲ. ಅಣ್ಣ ಕಿಟಕಿಯಲ್ಲಿ ಮುಖ ಇಟ್ಟು, "ಇಷ್ಟು ಹೊಲ ಐತಿ, ಒಬ್ಬನೂ ಬಿತ್ತವಲ್ಲ," ಎಂದು ಎರಡು ದಿನ ಮರುಗಿದ.

ಎರಡು ಕ್ಯಾಮೆರಾಗಳ ಪರೀಕ್ಷೆ ಈ ಹಾದಿಯಲ್ಲೇ ಶುರುವಾಯಿತು. ಕುದುರೆಯ ಮೇಲೆ ಕುಳಿತ ಒಬ್ಬ ದನಗಾಹಿ ಮೋಜಿಗೆ ನಮ್ಮ ವ್ಯಾನಿನ ಸರಿಸಮ ಕುದುರೆ ಓಡಿಸಿದ. ಇಬ್ಬರೂ ಕಿಟಕಿಯಿಂದ ಗುಂಡಿ ಒತ್ತಿದೆವು. ನನ್ನ ಮರಿ ಅಷ್ಟು ಧೂಳಿನಲ್ಲೂ ಕುದುರೆಯ ಕಣ್ಣನ್ನು ಬಿಡದೆ ಹಿಡಿದಿತ್ತು. ಕೋಣನಲ್ಲಿ ಕುದುರೆಯ ಬಾಲ ಭಾಳ ಛಂದ ಬಂದಿತ್ತು. ನಾನು ಬಾಲದ ಬಗ್ಗೆ ನಾಲ್ಕು ಮಾತು ಆಡಿದೆ. ಅಣ್ಣ ಕೋಣನನ್ನು ಚೀಲಕ್ಕೆ ಸೇರಿಸಿದ.

ಮುಂದಿನ ಹಳ್ಳದಲ್ಲಿ ವ್ಯಾನ್ ಎದ್ದು ಬಿದ್ದ ಹೊಡೆತಕ್ಕೆ ಹಿಂದಿನ ಬಾಗಿಲು ತೆರೆದು ಅಣ್ಣನ ಚೀಲ ಕಲ್ಲಿನ ಮೇಲೆ ಬಿತ್ತು. ಕೋಣ ಚೀಲದಿಂದ ಹೊರಗುರುಳಿ ಮೂಗಿನ ಮೇಲೆ ನಿಂತಿತ್ತು. ಅಣ್ಣ ಎತ್ತಿಕೊಂಡ, ಉಫ್ ಎಂದು ಊದಿದ, ನನ್ನ ಮುಖಕ್ಕೆ ಹಿಡಿದು ಫೋಟೋ ತೆಗೆದ. ಮೂಲೆಯಲ್ಲಿ ಒಂದು ತರಚು ಗಾಯ, ಅಷ್ಟೇ. ಅದೇ ದಿನ ನಾನು ಲೆನ್ಸ್ ಬದಲಿಸುವಾಗ ಮರಿಯ ಒಳಗೆ ಧೂಳು ಹೊಕ್ಕು, ಮುಂದಿನ ಎಲ್ಲ ಫೋಟೋಗಳ ಆಕಾಶದಲ್ಲಿ ಇಲ್ಲದ ಹಕ್ಕಿಗಳು ಹಾರತೊಡಗಿದವು. ಅಣ್ಣ ಅವನ್ನು ಎಣಿಸಿ ಹೇಳಿದ, ಹನ್ನೊಂದು. ತಾಳಿಕೆಯಲ್ಲಿ ಕೋಣ ಗೆದ್ದಿತೆಂದು ನಾನು ಒಪ್ಪಿಕೊಂಡೆ. ಕ್ಯಾಮೆರಾ ಕೇಳಲು ಬಂದವರಿಗೆ ಈಗಲೂ ಇದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ.

ಸರೋವರ: ಎಮೇ

ಸರೋವರದ ದಂಡೆಯಲ್ಲಿ ಒಂದೇ ಒಂದು ಬಿಳಿ ಉಣ್ಣೆಯ ದುಂಡು ಗುಡಾರ. ಅವರು ಅದಕ್ಕೆ ಗೆರ್ ಎನ್ನುತ್ತಾರೆ. ನಾವು ಇಳಿದುಕೊಳ್ಳುವುದು ಅಲ್ಲಿ. ಓಯುನಾ ನಗುತ್ತ, "ಬನ್ನಿ, ಒಳಗೆ ನಮ್ಮ ಎಮೇ ಇದ್ದಾರೆ," ಎಂದಳು.

ಅಣ್ಣ ಮುಖ ಅರಳಿಸಿದ. "ಎಮ್ಮಿ ಒಳಗ ಕಟ್ಯಾರೇನು? ಛಲೋ ಆತು, ಗಟ್ಟಿ ಮೊಸರು ಸಿಗತೈತಿ," ಎನ್ನುತ್ತ ಒಳಗೆ ಬಗ್ಗಿ, ಎಮ್ಮೆ ಹುಡುಕುತ್ತ ಹೊಸ್ತಿಲು ತುಳಿದು ಎಡವಿದ. ಒಳಗೆ ನೀಲಿ ನಿಲುವಂಗಿಯ ಮುದುಕಿಯೊಬ್ಬಳು ಒಲೆಯ ಮುಂದೆ ಕುಳಿತಿದ್ದಳು. ಎಮೇ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ನಾನು ಇದನ್ನು ಹೇಳಿದಾಗ ಅಣ್ಣ ನಾಲಗೆ ಕಚ್ಚಿಕೊಂಡು, ಪ್ರಾಯಶ್ಚಿತ್ತವೆಂಬಂತೆ ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನು ಹೊಸ್ತಿಲು ತುಳಿದನೆಂಬ ಸಿಟ್ಟಿನಲ್ಲಿ ಹುಬ್ಬು ಗಂಟಿಕ್ಕಿದ್ದ ಅಜ್ಜಿ ಅವನ ತಲೆ ಹಿಡಿದು ಕೆನ್ನೆ ಮೂಸಿದಳು. ಅಲ್ಲಿ ಮುದ್ದು ಮಾಡುವುದು ಹಾಗೆ. ಐವತ್ತೈದರ ಅಣ್ಣ ನಾಚಿದ್ದನ್ನು ನಾನು ಮೊದಲ ಸಲ ನೋಡಿದೆ.

ಹೊಸ್ತಿಲು ತುಳಿಯಬಾರದೆನ್ನುವುದು ನಮ್ಮ ಮನೆಯಲ್ಲೂ ಹೇಳಿ ಬೆಳೆಸಿದ್ದೇ. ಒಲೆಗೆ ಹಾಕುತ್ತಿದ್ದದ್ದು ಒಣಗಿದ ಸಗಣಿ. ನಮ್ಮಂತೆ ತಟ್ಟಿದ ಕುಳ್ಳಲ್ಲ, ಬಯಲಿನಲ್ಲಿ ಬಿದ್ದು ಒಣಗಿದ್ದನ್ನೇ ಬುಟ್ಟಿಯಲ್ಲಿ ಆರಿಸಿ ತಂದದ್ದು. ಹೊಗೆಯ ವಾಸನೆ ಮಾತ್ರ ಅದೇ. ನನಗೆ ಒಮ್ಮೆಲೇ ಮನೆಯ ನೆನಪಾಗಿ ಕಣ್ಣು ತುಂಬಿತು, ಹೊಗೆಗೆ ಎಂದು ಹೇಳಿ ಒರೆಸಿಕೊಂಡೆ.

ಅವರ ಊಟವೆಲ್ಲ ಮಾಂಸ. ನಮಗೆ ಉಪ್ಪು ಹಾಕಿದ ಹಾಲಿನ ಚಹಾ ಮತ್ತು ಒಣಗಿಸಿದ ಮೊಸರಿನ ಬಿಲ್ಲೆ ಬಂತು. ಬಿಲ್ಲೆ ಕಡಿಯಲು ಹೋಗಿ ಅಣ್ಣ ದವಡೆ ಹಿಡಿದುಕೊಂಡ. ನಾನು ಅವ್ವ ಕಟ್ಟಿಕೊಟ್ಟ ಕಟಿ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಹಿಂಡಿ ಹಾಕಿ ಅಜ್ಜಿಯ ಮುಂದಿಟ್ಟೆ. ಆಕೆ ಒಂದು ತುಂಡು ಮುರಿದು, ಆ ಸಪ್ಪಳ ಕೇಳಿ ಖುಷಿಯಾಗಿ, ಇನ್ನೊಂದು ಮುರಿದಳು. ಆಮೇಲೆ ಉಪ್ಪಿನ ಚಹಾದಲ್ಲಿ ಅದ್ದಿ ತಿಂದಳು. ಅದ್ದಿದ ರೊಟ್ಟಿ ರುಚಿಯೇ ಇತ್ತು, ಯಲಬುರ್ಗಾಕ್ಕೆ ಬಂದ ಮೇಲೂ ನಾನು ಹಾಗೆ ತಿನ್ನುತ್ತೇನೆ. ಮನೆಯವರು ನೋಡಿ ಎದ್ದು ಹೋಗುತ್ತಾರೆ.

ಸರೋವರ: ಎರಡನೆಯ ದಿನ

ಮುಂಜಾನೆ ಹೊರಗೆ ಬಂದರೆ ಹುಲ್ಲೆಲ್ಲ ಇಬ್ಬನಿಯಿಂದ ಬೆಳ್ಳಗಾಗಿತ್ತು, ಜಿಟಿಜಿಟಿ ಮಳೆ. ಆಷಾಢದಲ್ಲಿ ಅಷ್ಟು ಚಳಿ ನಾವು ಕಂಡವರಲ್ಲ. ಮರಿಯ ಬ್ಯಾಟರಿ ಚಳಿಗೆ ಸಾಯುತ್ತದೆಂದು ಬಿಚ್ಚಿ ಸ್ವೆಟರಿನ ಒಳಗೆ ಪಕ್ಕೆಗೆ ಒತ್ತಿಕೊಂಡು ನಡೆದೆ. ಕೋಣನ ಬ್ಯಾಟರಿ ಚಳಿಗೆ ಕ್ಯಾರೇ ಎನ್ನಲಿಲ್ಲ. ಅಣ್ಣ ಅದನ್ನು ದಾರಿಯುದ್ದಕ್ಕೂ ನೆನಪಿಸಿದ.

ಜೊಂಡಿನ ಪಕ್ಕ ಬಾತುಗಳ ಹಿಂಡು ಕುಳಿತಿತ್ತು. ಬೇವೂರಿನ ಕೆರೆಯವೇ, ಅದೇ ಬಿಳಿ ತಲೆ, ಅದೇ ಎರಡು ಪಟ್ಟೆ. ಇಲ್ಲಿ ಒಂದೊಂದರ ಹಿಂದೆ ಬೂದು ಬಣ್ಣದ ಮರಿಗಳಿದ್ದವು. ಓಯುನಾ ದೂರದರ್ಶಕಕ್ಕೆ ಕಣ್ಣು ಹಚ್ಚಿ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ನಾನು ಬಗ್ಗಿ ನೋಡಿದೆ. ಹಸಿರು ಪಟ್ಟಿ. ಮೇಲಂಚಿನಲ್ಲಿ ಒಂದು ಕಡೆ ಮುರಿದಿತ್ತು.

ನಮ್ಮ ಬಾತು. ಈರಕ್ಕನ ಕಡಲೆ ತಿಂದದ್ದು. ಆದರೆ ಆರು ವರ್ಷದ ಪಟ್ಟಿ, ಅಕ್ಷರ ಸವೆದಿದ್ದವು. ಮಂಜಿನಲ್ಲಿ ಅಷ್ಟು ದೂರದಿಂದ ಅಂಕಿ ಓದಲು ಬರಲಿಲ್ಲ. ಒಂದೇ ಒಂದು ಸ್ಪಷ್ಟ ಫೋಟೋ ಸಿಕ್ಕರೆ ದೊಡ್ಡದು ಮಾಡಿ ಓದಬಹುದೆಂದು ಓಯುನಾ ಹೇಳಿದಳು. ಹೊಟ್ಟೆಯ ಮೇಲೆ ತೆವಳಿ ಹತ್ತಿರ ಹೋದೆವು. ನಾನು ಮರಿಯನ್ನು ಎತ್ತಿ ಗುಂಡಿ ಒತ್ತಿದೆ.

ಲೆನ್ಸ್ ಮುಂದೆ ಹೋಯಿತು, ಹಿಂದೆ ಬಂತು, ಮುಂದೆ ಹೋಯಿತು, ನಿಂತುಬಿಟ್ಟಿತು. ಸ್ಕ್ರೀನಿನಲ್ಲಿ ಲೆನ್ಸೇ ಇಲ್ಲವೆಂದು ಬರೆದು ಬಂತು. ಆರಿಸಿ ಹಚ್ಚಿದೆ, ಮತ್ತೆ ಅದೇ.

"ಮರಿಗೆ ಜ್ವರ ಬಂತು," ಎಂದು ಅಣ್ಣ ಪಿಸುಗುಟ್ಟಿ ಕೋಣನನ್ನು ಎತ್ತಿದ. ಗುಂಡಿ ಒತ್ತಿದ. ಮತ್ತೆ ಒತ್ತಿದ. ಅವನ ಕಿವಿ ಕೆಂಪಾದವು. ಕೋಣನೂ ಸತ್ತು ಬಿದ್ದಿತ್ತು.

"ಕೈಲೆ ತಿರುವು ಅಣ್ಣಾ," ಎಂದೆ. ಇಬ್ಬರೂ ಅಪ್ಪನಂತೆ ಕೈಯಿಂದ ಫೋಕಸ್ ತಿರುಗಿಸತೊಡಗಿದೆವು. ಅಪ್ಪನ ಕಣ್ಣು ನಮಗೆಲ್ಲಿಂದ ಬರಬೇಕು. ಚಾಳೀಸಿನ ಗಾಜಿನ ಮೇಲೆಲ್ಲ ಮಳೆಹನಿ. ಕೋಣನಲ್ಲಿ ಒಂದೂ ಬರಲಿಲ್ಲ, ಮರಿಯಲ್ಲಿ ಬಂದ ಐದೂ ಮಜ್ಜಿಗೆ. ಬಾತು ಕೊರಳು ನೀಟಾಗಿ ಎತ್ತಿ ನಮ್ಮ ಕಡೆ ಎರಡು ಸಲ ನೋಡಿತು. ಇವರಿಂದ ಆಗುವುದಿಲ್ಲ ಎಂದು ತಿಳಿಯಿತೋ ಏನೋ, ಮರಿಗಳನ್ನು ಕರೆದುಕೊಂಡು ನೀರಿಗಿಳಿದು ಜೊಂಡಿನ ಆ ಕಡೆ ಹೋಯಿತು.

ನಮಗೆ ಉಳಿದದ್ದು ಇನ್ನೊಂದೇ ಮುಂಜಾನೆ. ನಾನು ಗೆರ್‌ಗೆ ಬಂದು ಅತ್ತೆ. ಅಷ್ಟು ದೂರ ಬಂದು, ಅಷ್ಟು ಹತ್ತಿರದಿಂದ ಕಂಡು, ಎರಡನೆಯ ಸಲವೂ ಅದೇ ಬಾತಿನ ಮುಂದೆ ಸೋತಿದ್ದೆ. ಅಣ್ಣ ಸಮಾಧಾನಕ್ಕೆ ಎರಡೂ ಕಂಪನಿಗಳನ್ನು ಸರಿಸಮವಾಗಿ ಬೈದ. ಇಪ್ಪತ್ತು ವರ್ಷದಲ್ಲಿ ಅವನು ತನ್ನ ಕಂಪನಿಯನ್ನು ಬೈದದ್ದು ಅದೇ ಮೊದಲು.

ಕೊನೆಗೆ ಮಳೆ ನೀರೇನಾದರೂ ಒಳಗೆ ಹೋಗಿದೆಯೇ ನೋಡೋಣವೆಂದು ಲೆನ್ಸ್ ಬಿಚ್ಚಿದೆ. ನಿನ್ನೆ ಮೊನ್ನೆಯೆಲ್ಲ ಓಡುವ ವ್ಯಾನಿನಲ್ಲಿ ಗಡಿಬಿಡಿಯಿಂದ ಬಿಚ್ಚಿ ಹಾಕಿದ್ದೆ, ಬಾಯಿಯೊಳಗೆ ಸರಿಯಾಗಿ ನೋಡಿರಲಿಲ್ಲ. ಈಗ ಗೆರ್‌ನ ನೆತ್ತಿಯ ಕಿಂಡಿಯ ಬೆಳಕಿನಲ್ಲಿ ನೋಡಿದರೆ, ಲೆನ್ಸಿಗೂ ಕ್ಯಾಮೆರಾಕ್ಕೂ ಮಾತುಕತೆ ನಡೆಸುವ ಬಂಗಾರದ ಬಣ್ಣದ ಸಣ್ಣ ಸಣ್ಣ ಮೊಳೆಗಳ ಸಾಲು ಇರುತ್ತದಲ್ಲ, ಅದರ ಮೇಲೆ ಬೆಳ್ಳಗೆ ಮೂರು ಗೆರೆ. ಸಣ್ಣ ಬೆರಳುಗಳ ಗುರುತು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ.

"ಅಣ್ಣಾ, ನಿಂದೂ ಬಿಚ್ಚು," ಎಂದೆ.

ಅಣ್ಣ ಬಿಚ್ಚಿದ. ಅಲ್ಲೂ ಮೂರು ಗೆರೆ. ಕುಕನೂರಿನ ಒಣ ಗಾಳಿಯಲ್ಲಿ ಗಟ್ಟಿಯಾಗಿ ಕುಳಿತಿದ್ದ ವಿಭೂತಿ ಇಲ್ಲಿನ ಇಬ್ಬನಿಗೆ ನೆನೆದು ಗಂಜಿಯಾಗಿ ಮೊಳೆಗಳನ್ನೆಲ್ಲ ಮುಚ್ಚಿತ್ತು. ಅಪ್ಪನ ಜೊತೆ ನಲವತ್ತು ವರ್ಷ ಸ್ಟುಡಿಯೋದಲ್ಲಿ ದುಡಿದ ನಮ್ಮವ್ವನಿಗೆ ಲೆನ್ಸ್ ಬಿಚ್ಚಲು ಯಾರೂ ಕಲಿಸಬೇಕಾಗಿರಲಿಲ್ಲ.

ಅಣ್ಣ ಕ್ಯಾಮೆರಾದೊಳಗಿನ ಗೆರೆಗಳ ಹತ್ತಿರ ಮುಖ ಒಯ್ದ. "ಅಪ್ಪ ಹಚ್ಚಿದಂಗ ಹಚ್ಯಾಳ ನೋಡು," ಎಂದ. ಆಮೇಲೆ ಇಬ್ಬರಿಗೂ ನಗು ಬಂತು, ನಿಲ್ಲಲೇ ಇಲ್ಲ. ಅಜ್ಜಿ ಗಾಬರಿಯಾಗಿ ನಮಗೆ ಮತ್ತಷ್ಟು ಚಹಾ ಹಾಕಿದಳು.

ಓಯುನಾ ಬಯಲಿನಲ್ಲಿ ಬರೆಯುವುದೆಲ್ಲ ಪೆನ್ಸಿಲಿನಲ್ಲಿ, ಶಾಯಿ ಚಳಿಗೆ ಹೆಪ್ಪುಗಟ್ಟುತ್ತದೆ. ಅವಳ ಪೆನ್ಸಿಲಿನ ಹಿಂದೆ ರಬ್ಬರ್ ಇತ್ತು. ಕ್ಯಾಮೆರಾಗಳನ್ನು ಬಾಯಿ ಕೆಳಗೆ ಮಾಡಿ ಹಿಡಿದು ಆ ರಬ್ಬರಿನಿಂದ ಒಂದೊಂದೇ ಮೊಳೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಒಲೆಯಿಂದ ದೂರ ಆರಲಿಕ್ಕೆ ಇಟ್ಟೆವು. ಲೆನ್ಸ್ ಹಚ್ಚಿ ಗುಂಡಿ ಒತ್ತಿದೆ. ಮರಿ ತಕ್ಷಣ ಅಜ್ಜಿಯ ಕಣ್ಣು ಹಿಡಿಯಿತು. ಕೋಣನೂ ಎದ್ದು ನಿಂತಿತು.

ಸರೋವರ: ಕೊನೆಯ ದಿನ

ತೆವಳುವುದು ಬೇಡವೆಂದು ಓಯುನಾ ಹೇಳಿದಳು. ಮನುಷ್ಯರು ತೆವಳಿದರೆ ಬಾತಿಗೆ ತೋಳವೆಂದು ಅನುಮಾನ, ದನಗಳ ಜೊತೆ ನಡೆದರೆ ಏನೂ ಅನ್ನಿಸುವುದಿಲ್ಲ. ಅಜ್ಜಿ ಮುಂಜಾನೆ ತನ್ನ ಯಾಕ್‌ಗಳನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಾಳೆ, ನೀವು ಅವುಗಳ ಹಿಂದೆ ಬಗ್ಗಿ ಬನ್ನಿ ಎಂದಳು. ಯಾಕ್ ಎಂದರೆ ಉದ್ದ ಕೂದಲಿನ ಲಂಗ ಉಟ್ಟ ಎಮ್ಮೆ ಎಂದುಕೊಳ್ಳಿ.

"ಎಮ್ಮಿ ಹಿಂದ ನಡಿಯೂದು ನಮಗೇನು ಹೊಸಾದೇನು," ಎಂದ ಅಣ್ಣ, ಪ್ಯಾಂಟು ಮಡಚುತ್ತ.

ಹೊರಡುವಾಗ ಅಜ್ಜಿ ಒಂದು ಪಾತ್ರೆಯಲ್ಲಿ ಹಾಲು ತಂದು, ಮರದ ಸೌಟಿನಿಂದ ನಾಲ್ಕೂ ದಿಕ್ಕಿಗೆ ಆಕಾಶಕ್ಕೆ ಚಿಮುಕಿಸಿದಳು. ಕೆಲಸ ಕೈಗೂಡಲಿ ಎಂದು ಅವರು ಹಾಗೆ ಮಾಡುತ್ತಾರೆ. ಆಮೇಲೆ ಸೌಟು ತುಂಬಿಕೊಂಡು ಪ್ರೀತಿಯಿಂದ ನಮ್ಮ ಕ್ಯಾಮೆರಾಗಳ ಕಡೆ ಬಂದಳು. ಅಣ್ಣ ಕೋಣನನ್ನು, ನಾನು ಮರಿಯನ್ನು ಒಟ್ಟಿಗೇ ಸ್ವೆಟರಿನೊಳಗೆ ತುರುಕಿದೆವು. "ಅವ್ವಾ ತಾಯಿ, ನಮ್ಮ ಊರಿಂದಾ ಹಚ್ಚಿಗೊಂಡು ಬಂದೇವಿ," ಎಂದು ಅಣ್ಣ ಕೈ ಮುಗಿದ. ಅಜ್ಜಿ ಹಾಲನ್ನು ನಮ್ಮ ಚಪ್ಪಲಿಗಳ ಮೇಲೆ ಚಿಮುಕಿಸಿ ತೃಪ್ತಳಾದಳು.

ಮಳೆ ನಿಂತಿತ್ತು. ಹನ್ನೆರಡು ಯಾಕ್‌ಗಳ ಮರೆಯಲ್ಲಿ ನಡೆದು ನೀರಿನ ಅಂಚಿಗೆ ಬಂದೆವು. ಹಿಂಡು ಅಲ್ಲೇ ಹುಲ್ಲು ಮೇಯುತ್ತಿತ್ತು, ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು. ನಮ್ಮ ಪಟ್ಟಿಯ ಬಾತು ಮಧ್ಯದಲ್ಲಿತ್ತು, ಅದರ ಸುತ್ತ ನಾಲ್ಕು ಮರಿಗಳು. ಬೆಚ್ಚಗಿನ ಬ್ಯಾಟರಿ ಪಕ್ಕೆಯಿಂದ ತೆಗೆದು ಮರಿಗೆ ಹಾಕಿದೆ. ಒಂದು ಯಾಕ್‌ನ ಹೊಟ್ಟೆಯ ಕೆಳಗಿನಿಂದ ಲೆನ್ಸ್ ಚಾಚಿದೆ. ಪಕ್ಕದಲ್ಲಿ ಅಣ್ಣ ಉಸಿರು ಹಿಡಿದದ್ದು ಕೇಳುತ್ತಿತ್ತು. ಬಾತಿನ ಮುಂದೆ ಎತ್ತರದ ಹುಲ್ಲುಕಡ್ಡಿಗಳು ಗಾಳಿಗೆ ಆಡುತ್ತಿದ್ದವು. ನನಗೆ ಬೇವೂರಿನ ದಂಟು ನೆನಪಾಯಿತು. ಈ ಸಲ ಫೋಕಸ್ ಹಿಡಿಯುವ ಜಾಗವನ್ನು ಸಣ್ಣದು ಮಾಡಿ, ಬಾತಿನ ತಲೆಯ ಮೇಲೇ ಇಟ್ಟು ಕಾಯ್ದೆ. ಹೋದ ಸಲ ಇದನ್ನು ಮಾಡದೆ ಎಲ್ಲವನ್ನೂ ಮರಿಯ ಮೇಲೆ ಬಿಟ್ಟದ್ದು ನನ್ನ ತಪ್ಪೇ, ಮರಿಯದಲ್ಲ.

ಒಂದು ಬೂದು ಮರಿ ಯಾಕ್‌ನ ಕಾಲ ಹತ್ತಿರ ಬಂತು. ತಾಯಿ ಬಾತು ಕೊರಳು ನೆಟ್ಟಗೆ ಎತ್ತಿತು. ಸ್ಕ್ರೀನಿನಲ್ಲಿ ಅದರ ಕಣ್ಣಿನ ಮೇಲೆ ಸಣ್ಣ ಹಸಿರು ಚೌಕ ಬಂದು ಕುಳಿತಿತು. ಹುಲ್ಲು ಆ ಕಡೆ ಆಡಿತು, ಈ ಕಡೆ ಆಡಿತು, ಚೌಕ ಅಲುಗಲಿಲ್ಲ. ಬೆರಳು ಒತ್ತಿ ಹಿಡಿದೆ. ಪಕ್ಕದಲ್ಲಿ ಕೋಣ ಸುತ್ತಿಗೆ ಬಡಿದಂತೆ ಸಪ್ಪಳ ಮಾಡಿತು. ಆ ಸಪ್ಪಳಕ್ಕೆ ಹಿಂಡೆಲ್ಲ ನೀರಿಗೆ ಇಳಿಯಿತು.

ಸ್ಕ್ರೀನ್ ನೋಡಲು ನನಗೆ ಧೈರ್ಯವಾಗಲಿಲ್ಲ. ಕ್ಯಾಮೆರಾವನ್ನು ಓಯುನಾಳ ಕೈಗೆ ಕೊಟ್ಟೆ. ಅವಳು ಚಿತ್ರವನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ತುಟಿ ಅಲುಗಿದವು. ಆಮೇಲೆ ಎಡ ತೋಳಿನ ಅಂಗಿ ಮೇಲೆ ಸರಿಸಿ, ಮಣಿಕಟ್ಟಿನ ಮೇಲಿದ್ದ ಹಳೆಯ ಗಾಯದ ಕಲೆಯನ್ನು ನನಗೆ ತೋರಿಸಿದಳು.

"ಏಳು," ಎಂದಳು. "ಸಿ ನಲವತ್ತೇಳು. ನನ್ನನ್ನು ಕಚ್ಚಿದ್ದು ಇದೇ."

ನಾನು ಅವಳನ್ನು ತಬ್ಬಿಕೊಂಡೆ. ಸ್ಕ್ರೀನಿನಲ್ಲಿ ಬಾತಿನ ಕಣ್ಣೊಳಗೆ ಯಾಕ್‌ನ ನಾಲ್ಕು ಕಾಲೂ ಕಾಣುತ್ತಿದ್ದವು, ಪಟ್ಟಿಯ ಮುರಿದ ಅಂಚಿನ ನಾರು ಎಣಿಸಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ಫೋಟೋ ನಾನು ತೆಗೆದಿಲ್ಲ. ಜಂಬವೆಂದರೆ ಜಂಬ ಅನ್ನಿ, ಯಲಬುರ್ಗಾದಿಂದ ಕೊಪ್ಪಳ, ಗಂಗಾವತಿತನಕ ಯಾರೂ ತೆಗೆದಿಲ್ಲ.

ಅಣ್ಣ ತನ್ನ ಸ್ಕ್ರೀನನ್ನೇ ನೋಡುತ್ತಿದ್ದ. ನಾನು ಬಗ್ಗಿ ನೋಡಿದೆ. ಮುಂದಿನ ಹುಲ್ಲುಕಡ್ಡಿ ಅದ್ಭುತವಾಗಿ ಬಂದಿತ್ತು, ಅದರ ಮೇಲಿನ ಇಬ್ಬನಿ ಹನಿಗಳೂ. ಹಿಂದೆ ಮಜ್ಜಿಗೆ.

ಚಳಿಗಾಲದಿಂದ ಕಾಯ್ದಿದ್ದ ಮಾತು ನನ್ನ ಬಾಯಲ್ಲಿತ್ತು. "ಅಣ್ಣಾ, ನಿನ್ನ ಕೋಣನೂ ಮೇಯಾಕ ಹೋತಲ್ಲ," ಎಂದೆ.

ಅಣ್ಣ ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. "ಹುಲ್ಲು ಭಾಳ ಛಲೋ ಬಂದೈತಿ ನೋಡು," ಎಂದ. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಅಪ್ಪ ಇರಬೇಕಾಗಿತ್ತು, ತಂಗಿ," ಎಂದ.

ಗುಡ್ಡದ ತುದಿ

ಫೋನ್ ಸಿಗುವುದು ಗುಡ್ಡದ ಮೇಲೆ ಮಾತ್ರ. ಮೂವರೂ ಹತ್ತಿದೆವು. ಮೊದಲು ಕುಕನೂರಿಗೆ ಮಾಡಿ ಕೆಲಸವಾಯಿತೆಂದು ಹೇಳಿದೆ.

"ಆಗಲಾರದ ಏನು?" ಎಂದಳು ಅವ್ವ. "ನಾ ವಿಭೂತಿ ಎಲ್ಲಿ ಹಚ್ಚಬೇಕೋ ಅಲ್ಲೇ ಹಚ್ಚೀನಿ." ನಾನು ಅಣ್ಣನ ಮುಖ ನೋಡಿದೆ, ಅಣ್ಣ ನನ್ನ ಮುಖ ನೋಡಿದ. "ಹೌದು ಬೇ," ಎಂದೆವು ಇಬ್ಬರೂ.

ಆಮೇಲೆ ಈರಕ್ಕನಿಗೆ ಹಚ್ಚಿದೆ. ಬೇವೂರಿನಲ್ಲಿ ಆಗ ಮುಂಜಾನೆ, ಆಕೆ ಹೊಲದಲ್ಲೇ ಇದ್ದಳು. ಮಾಲಕಿ ಸಿಕ್ಕಿದ್ದಾಳೆ, ಪಕ್ಕದಲ್ಲೇ ನಿಂತಿದ್ದಾಳೆ ಎಂದೆ.

"ಕೊಡಾಕಿಗೆ ಫೋನ," ಎಂದಳು ಈರಕ್ಕ. ಸ್ಪೀಕರ್ ಹಚ್ಚಿ ಹಿಡಿದೆ. "ಏನವಾ, ನಿನ್ನ ಬಾತು ನನ್ನ ಕಡ್ಲಿ ತಿಂದು ಹೋಗೈತಿ. ಹಿಂಗ ಬಿಟ್ರ ಹ್ಯಾಂಗ?"

ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಓಯುನಾ ನಗಲಿಲ್ಲ. ಕೈ ಎದೆಗೆ ಹಚ್ಚಿಕೊಂಡು ಫೋನಿನ ಹತ್ತಿರ ಬಾಗಿ, ಹೊಟ್ಟೆ ತುಂಬ ತಿಂದಿತ್ತೇ ಎಂದು ಕೇಳಿದಳು. ಅಷ್ಟು ದೂರ, ಹಿಮದ ಬೆಟ್ಟ ದಾಟಿ ಬರಬೇಕು, ಬೇರೆಯವರ ಮನೆಯಲ್ಲಿ ತಿಂದದ್ದೇ ಅದರ ಮೈಗೆ ಬಲ, ಇಲ್ಲಿ ಬಂದು ತತ್ತಿ ಇಟ್ಟಿದೆ, ಇದನ್ನೆಲ್ಲ ಅವರಿಗೆ ಹೇಳು ಎಂದಳು.

ನಾನು ಹೇಳಿದೆ.

"ಮಕ್ಕಳೆಷ್ಟು ಅದಕ್ಕ?" ಎಂದಳು ಈರಕ್ಕ.

"ನಾಕು, ಈರಕ್ಕಾ. ಎಲ್ಲಾ ಆರಾಮ ಅದಾವ."

"ನಾಕೂ ಬರತಾವೇನು, ತಾಯಿ ಕೂಡ?"

"ಬರತಾವಂತ."

ಈರಕ್ಕ ಅಲ್ಲೇ ಯಾರಿಗೋ ದನ ಆ ಕಡೆ ಹೊಡೆಯಲು ಹೇಳಿದಳು. ಆಮೇಲೆ ಫೋನಿಗೆ ಬಂದಳು.

"ಮಾಲಕಿಗೆ ಹೇಳು ತಂಗಿ. ಈ ಹಿಂಗಾರಿಗೆ ಕೆರಿ ಕಡಿ ನಾಕು ಸಾಲು ಕಡ್ಲಿ ಹೆಚ್ಚಿಗಿ ಬಿತ್ತತೀನಿ."